ಮೊದಲು ಕೋಡಿ, ಆಮೇಲೆ ಪಾತಿ: 40×60 ಸೈಟಿನಲ್ಲಿ ಮಾಲ್ಮೋ ಮಾದರಿಯ ಮಳೆನೀರಿನ ದಾರಿ

ಹೊಸ ಬಡಾವಣೆಯಲ್ಲಿ ಮನೆ ಕಟ್ಟುವಾಗ ಮಳೆನೀರಿನ ಮಾತು ಬರುವುದು ಬಣ್ಣ ಹೊಡೆಯುವ ಹೊತ್ತಿಗೆ. ಟೆರೇಸಿನಿಂದ ಎರಡು ಪೈಪು ಇಳಿಸಿ, ಅಂಗಳಕ್ಕೆಲ್ಲ ಕಾಂಕ್ರೀಟ್ ಹಾಕಿ, ಗೇಟಿನ ಕಡೆಗೆ ವಾಟ ಕೊಟ್ಟರೆ ಮೇಸ್ತ್ರಿಯ ಕೆಲಸ ಮುಗಿಯಿತು. "ನೀರು ಆಚೆಗೆ ಹೋದ್ರೆ ಆಯ್ತಲ್ಲ ಸಾರ್" ಅನ್ನುವುದು ಅವರ ಲೆಕ್ಕ. ಆಚೆಗೆ ಹೋದ ನೀರು ತಗ್ಗಿನ ಬೀದಿಯವರ ಬಾಗಿಲಿಗೆ ಹೋಗುತ್ತದೆ. ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಟೆರೇಸಿನ ಪೈಪನ್ನು ಯುಜಿಡಿ (ಕೊಳಚೆಯ ಒಳಚರಂಡಿ) ಚೇಂಬರಿಗೇ ಕೊಟ್ಟುಬಿಡುತ್ತಾರೆ. ಜೋರು ಮಳೆಗೆ ರಸ್ತೆ ನಡುವಿನ ಮ್ಯಾನ್‌ಹೋಲ್ ಮುಚ್ಚಳ ಎದ್ದು ಕೊಳಚೆ ಉಕ್ಕುವುದಕ್ಕೆ ಇದೂ ಒಂದು ಕಾರಣ.

ಸ್ವೀಡನ್ನಿನ ಮಾಲ್ಮೋ ನಗರದ ಅಗುಸ್ಟೆನ್‌ಬೊರ್ಗ್ ಬಡಾವಣೆಯ ಕಥೆಯೂ ಹೆಚ್ಚುಕಡಿಮೆ ಇದೇ ಆಗಿತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಕಟ್ಟಿದ ಬಡಾವಣೆ ಅದು. ಮಳೆನೀರು, ಕೊಳಚೆ ಎರಡಕ್ಕೂ ಒಂದೇ ಪೈಪು. ದೊಡ್ಡ ಮಳೆ ಬಂದಾಗಲೆಲ್ಲ ನೆಲಮಾಳಿಗೆಗಳಲ್ಲಿ ಕೊಳಚೆ ನಿಲ್ಲುತ್ತಿತ್ತು. 1998ರಲ್ಲಿ ಶುರುವಾದ ದುರಸ್ತಿಯಲ್ಲಿ ಅವರು ಪೈಪು ದೊಡ್ಡದು ಮಾಡಲಿಲ್ಲ. ಚಾವಣಿಯ ನೀರನ್ನು ಕೊಳಚೆ ಪೈಪಿನಿಂದ ಬಿಡಿಸಿ, ಸುಮಾರು 6 ಕಿ.ಮೀ. ತೆರೆದ ಕಾಲುವೆಗಳಲ್ಲಿ ಹರಿಸಿ, 10 ಪುಟ್ಟ ಕೊಳಗಳಲ್ಲಿ ನಿಲ್ಲಿಸಿ, ಮಿಕ್ಕದ್ದನ್ನು ಮಾತ್ರ ನಿಧಾನವಾಗಿ ನಗರದ ಚರಂಡಿಗೆ ಬಿಟ್ಟರು. 2014ರ ಆಗಸ್ಟ್ 31ರಂದು ಮಾಲ್ಮೋದಲ್ಲಿ ಕೆಲವೇ ಗಂಟೆಗಳಲ್ಲಿ 100 ಮಿ.ಮೀ. ಆಸುಪಾಸು ಮಳೆ ಸುರಿದು ಊರೆಲ್ಲ ಮುಳುಗಿದಾಗ ಈ ಬಡಾವಣೆಗೆ ಆದ ಹಾನಿ ಅಕ್ಕಪಕ್ಕದವಕ್ಕಿಂತ ಬಹಳ ಕಡಿಮೆ.

ಕೆರೆಸಾಲಿನ ಊರಿನವರಿಗೆ ಇದು ಹೊಸದಲ್ಲ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಸಖರಾಯಪಟ್ಟಣದ ಅಯ್ಯನಕೆರೆಯೇ ಆಗಲಿ, ಹಳ್ಳಿಯ ಸಣ್ಣ ಕಟ್ಟೆಯೇ ಆಗಲಿ, ಕೋಡಿ ಎಷ್ಟು ಎತ್ತರಕ್ಕೆ ಎಂದು ಗೊತ್ತುಮಾಡದೆ ಏರಿ ಕಟ್ಟುವವರಿಲ್ಲ. ಮನೆ ಅಂಗಳದಲ್ಲಿ ಇಂಗುಗುಂಡಿ ತೋಡುವವರು ಮರೆಯುವುದು ಇದನ್ನೇ. ಗುಂಡಿ ತೋಡುತ್ತಾರೆ, ಜಲ್ಲಿ ತುಂಬುತ್ತಾರೆ, ತುಂಬಿದ ಮೇಲೆ ನೀರು ಎಲ್ಲಿಗೆ ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿಯುತ್ತದೆ. ಮುಂದಿನದೆಲ್ಲ 40×60 ಅಡಿ ಸೈಟು, ಅದರಲ್ಲಿ 27×40 ಅಡಿ ಮನೆ, ಅಂದರೆ ಸುಮಾರು 100 ಚದರ ಮೀಟರ್ ಟೆರೇಸು ಎಂದು ಇಟ್ಟುಕೊಂಡು ಬರೆದದ್ದು. ನಿಮ್ಮ ಅಳತೆ ಬೇರೆಯಾದರೆ ಅದೇ ಪ್ರಮಾಣದಲ್ಲಿ ಹೆಚ್ಚು ಕಡಿಮೆ ಮಾಡಿಕೊಳ್ಳಿ.

ಲೆಕ್ಕ

ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. ಇಷ್ಟು ನೆನಪಿದ್ದರೆ ಸಾಕು. ಆರ್‌ಸಿಸಿ ಟೆರೇಸಿನಲ್ಲಿ ಬಿದ್ದದ್ದರಲ್ಲಿ ಶೇ 85ರಷ್ಟು ಪೈಪಿಗೆ ಬರುತ್ತದೆ. 50 ಮಿ.ಮೀ. ಮಳೆಗೆ ನಮ್ಮ ಟೆರೇಸಿನಿಂದ 4,250 ಲೀಟರ್. ಹಾಸನ, ಚಿಕ್ಕಮಗಳೂರು ಪೇಟೆಗಳ ವರ್ಷದ ಮಳೆಯನ್ನು 950 ಮಿ.ಮೀ. ಎಂದು ಹಿಡಿದರೂ 80 ಸಾವಿರ ಲೀಟರ್ ದಾಟುತ್ತದೆ. ಕಡೂರು, ಅರಸೀಕೆರೆ ಕಡೆ ಮಳೆ ಇದರ ಮೂರನೇ ಎರಡು ಭಾಗದಷ್ಟು. ಶೃಂಗೇರಿ ಕಡೆಗೆ ಹೋದರೆ ಮೂರು ಪಟ್ಟಿಗೂ ಹೆಚ್ಚು. ಹೋಬಳಿ, ಪಂಚಾಯಿತಿ ಮಟ್ಟದ ಮಳೆ ಅಂಕಿಗಳನ್ನು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇಡುತ್ತದೆ, ನಿಮ್ಮ ಊರಿನದನ್ನೇ ತೆಗೆದುಕೊಳ್ಳಿ.

ವರ್ಷದ ಮೊತ್ತಕ್ಕಿಂತ ಒಂದು ಗಂಟೆಯ ಬಿರುಸು ಮುಖ್ಯ. ಬಯಲುಸೀಮೆಯ ಅಂಚಿನ ಈ ಊರುಗಳಿಗೆ ಕಾಟ ಕೊಡುವುದು ಆಷಾಢದ ಜಿಟಿಜಿಟಿ ಮಳೆಯಲ್ಲ. ಏಪ್ರಿಲ್–ಮೇನಲ್ಲಿ ಗುಡುಗಿನ ಜೊತೆ ಮುಕ್ಕಾಲು ಗಂಟೆ ಹುಯ್ದು ನಿಲ್ಲುವ ಮಳೆ, ಆಮೇಲೆ ಹಿಂಗಾರಿನ ಸಂಜೆಯ ಮಳೆ. ಪೈಪು, ಕಾಲುವೆಗಳ ಅಳತೆಗೆ ಗಂಟೆಗೆ 100 ಮಿ.ಮೀ. ಬಿರುಸು ಹಿಡಿಯಿರಿ, ಟೆರೇಸಿನ ನೀರು ನಿಂತು ಇಂಗಲು ಅಂಗಳದಲ್ಲಿ ಮಾಡುವ, ಗಿಡ ನೆಟ್ಟ ತಗ್ಗು ಪಾತಿಯ ಅಳತೆಗೆ ಒಟ್ಟು 50 ಮಿ.ಮೀ. ಸಾಕು.

100 ಮಿ.ಮೀ. ಬಿರುಸಿಗೆ ನಾಲ್ಕಿಂಚಿನ (100 ಮಿ.ಮೀ.) ಪೈಪು ಒಂದು ಸುಮಾರು 42 ಚದರ ಮೀಟರ್ ಟೆರೇಸಿನ ನೀರನ್ನು ಇಳಿಸುತ್ತದೆ. ಮೂರಿಂಚಿನದು 20 ಚದರ ಮೀಟರಿನಷ್ಟೇ. ಆದ್ದರಿಂದ ನಮ್ಮ ಟೆರೇಸಿಗೆ ನಾಲ್ಕಿಂಚಿನ ಪೈಪು ಎರಡು ಸಾಲದು, ಮೂರು ಬೇಕು. ಕಾಸು ಉಳಿಸಲು ಮೂರಿಂಚಿನ ಎರಡು ಪೈಪು ಹಾಕಿದ ಮನೆಗಳಲ್ಲಿ ಟೆರೇಸು ಅರ್ಧ ಗಂಟೆ ಈಜುಕೊಳವಾಗಿ, ಮೆಟ್ಟಿಲ ಮನೆಯ ಬಾಗಿಲ ಸಂದಿಯಿಂದ ನೀರು ಒಳಗಿಳಿಯುತ್ತದೆ. ಟೆರೇಸಿನ ವಾಟ ನೂರಕ್ಕೆ ಒಂದಕ್ಕಿಂತ ಕಡಿಮೆ ಬೇಡ.

ನೆಲ ಎಷ್ಟು ಕುಡಿಯುತ್ತದೆ

ಇದೊಂದು ಪರೀಕ್ಷೆ ಮಾಡದೆ ಗುದ್ದಲಿ ಹಿಡಿಯಬೇಡಿ. ಪಾತಿ ಬರುವ ಜಾಗದಲ್ಲಿ ಒಂದಡಿ ಚೌಕದ ಗುಂಡಿಯನ್ನು 80 ಸೆಂ.ಮೀ. ಆಳಕ್ಕೆ ತೋಡಿ. ಇಷ್ಟೇ ಆಳ ಯಾಕೆಂದರೆ ಪಾತಿಯ ತಳ ಅಲ್ಲಿಗೆ ಬರುತ್ತದೆ. ಮೇಲಿನ ಒಂದಡಿ ಕೆಂಪು ಮಣ್ಣು ಗಟಗಟ ಕುಡಿದರೂ ಅದರಡಿಯ ಜೇಡಿ ಬಾಯಿ ಬಿಡದಿರಬಹುದು. ಹಿಂದಿನ ಸಂಜೆ ಎರಡು ಸಲ ಗುಂಡಿ ತುಂಬ ನೀರು ಹೊಯ್ದು ಇಂಗಲು ಬಿಡಿ. ಬೆಳಗ್ಗೆ ತಳದಿಂದ 15 ಸೆಂ.ಮೀ. ನೀರು ನಿಲ್ಲಿಸಿ, ಸ್ಕೇಲು ಕಟ್ಟಿದ ಕೋಲು ನೆಟ್ಟು, ಅರ್ಧ ಗಂಟೆಗೊಮ್ಮೆ ಎಷ್ಟು ಇಳಿಯಿತು ಎಂದು ಬರೆದುಕೊಳ್ಳಿ. ಮೂರು ನಾಲ್ಕು ಸಲ ಅಳೆದ ಮೇಲೆ ಬರುವ ಕೊನೆಯ ಅಂಕಿಯೇ ನಿಜವಾದದ್ದು. ಸಂಜೆ ನೀರುಣಿಸದೆ ಫೆಬ್ರುವರಿಯ ಒಣ ನೆಲದಲ್ಲಿ ನೇರ ಅಳೆದರೆ ಮಣ್ಣು ಬಾಯಾರಿ ಕುಡಿದದ್ದನ್ನೇ ಇಂಗುವ ಶಕ್ತಿ ಎಂದು ತಿಳಿದು ಮೋಸ ಹೋಗುತ್ತೀರಿ.

ಗಂಟೆಗೆ 25 ಮಿ.ಮೀ.ಗಿಂತ ಹೆಚ್ಚು ಇಳಿದರೆ ಒಳ್ಳೆಯ ನೆಲ. 12ರಿಂದ 25 ಆದರೆ ನಡೆಯುತ್ತದೆ. 12ಕ್ಕಿಂತ ಕಡಿಮೆಯಿದ್ದರೆ ಇಂಗಿಸುವ ಆಸೆ ಬಿಡಿ. ಈ ಗೆರೆಗೆ ಕಾರಣವಿದೆ. ಮುಂದೆ ಹೇಳುವ ಪಾತಿ ತುಂಬಿದಾಗ ಅದರ ಪ್ರತಿ ಚದರ ಮೀಟರಿನಲ್ಲಿ 320 ಲೀಟರ್, ಅಂದರೆ 320 ಮಿ.ಮೀ. ನೀರು ಕೂತಿರುತ್ತದೆ. ಗಂಟೆಗೆ 25ರಂತೆ ಅದು ಖಾಲಿಯಾಗಲು 13 ಗಂಟೆ, 12ರಂತೆ ಒಂದು ದಿನದ ಮೇಲೆ ಮೂರು ಗಂಟೆ, 6ರಂತೆ ಎರಡು ದಿನದ ಮೇಲೆ. ಅಷ್ಟರಲ್ಲಿ ಮುಂದಿನ ಮಳೆ ಬಂದಿರುತ್ತದೆ.

ಇನ್ನೊಂದು ವಿಷಯ. ಹಾಸನ, ಚಿಕ್ಕಮಗಳೂರು ಎರಡೂ ಊರುಗಳ ಸುತ್ತ ಗದ್ದೆಬಯಲು, ಕೆರೆಯ ಅಂಚುಗಳೇ ಬಡಾವಣೆಯಾಗಿವೆ. ಅಂಥ ಸೈಟಿನಲ್ಲಿ ಎರಡು ತೊಂದರೆ: ಮೇಲೆ ಕಟ್ಟಡದ ಒಡಕಲು ತುಂಬಿದ ಸಡಿಲ ಮಣ್ಣು, ಕೆಳಗೆ ಮಳೆಗಾಲದಲ್ಲಿ ಮೇಲೇರುವ ಒರತೆ. ಆಗಸ್ಟಿನಲ್ಲಿ ಹತ್ತಿರದ ಬಾವಿಯ ನೀರಿನ ಮಟ್ಟ ನೋಡಿ. ಪಾತಿಯ ತಳಕ್ಕೂ ಆ ಮಟ್ಟಕ್ಕೂ ನಡುವೆ ಕಡೇಪಕ್ಷ ಒಂದು ಮೀಟರ್ ಇಲ್ಲದಿದ್ದರೆ ಇಂಗಿಸಿ ಪ್ರಯೋಜನವಿಲ್ಲ. ತುಂಬಿದ ಕೊಡಕ್ಕೆ ಮತ್ತೆ ಹೊಯ್ದಂತೆ. ಕಪ್ಪು ಮಣ್ಣಿನಲ್ಲೂ ಪಾಯದ ಹತ್ತಿರ ಇಂಗಿಸಬೇಡಿ. ಅದು ನೆನೆದಾಗ ಉಬ್ಬಿ ಒಣಗಿದಾಗ ಕುಗ್ಗುತ್ತದೆ, ಗೋಡೆ ಸೀಳುತ್ತದೆ.

ಕೋಡಿ

ಈಗ ಲೆವೆಲ್ ಪೈಪು ಹಿಡಿಯಿರಿ. ಮೇಸ್ತ್ರಿಗಳ ಹತ್ತಿರ ಇರುವ, ನೀರು ತುಂಬಿದ ಪಾರದರ್ಶಕ ಕೊಳವೆಯೇ ಸಾಕು. ನಾಲ್ಕು ಮಟ್ಟ ಗುರುತಿಸಿ ಕಾಂಪೌಂಡ್ ಗೋಡೆಗೆ ಬಣ್ಣದಲ್ಲಿ ಗೆರೆ ಎಳೆಯಬೇಕು: ಮನೆಯ ಪ್ಲಿಂತ್ (ಪಾಯದ ಮೇಲಿನ ನೆಲಮಟ್ಟ), ಅಂಗಳ, ರಸ್ತೆಯ ನಡುಮಟ್ಟ, ರಸ್ತೆ ಚರಂಡಿಯ ಬಾಯಿ.

ಕೋಡಿ ಚರಂಡಿಯ ಬಾಯಿಗಿಂತ ಮೇಲಿರಬೇಕು, ಪ್ಲಿಂತಿಗಿಂತ ಕಡೇಪಕ್ಷ 30 ಸೆಂ.ಮೀ. ಕೆಳಗಿರಬೇಕು. ಪಾತಿಯ ಮಣ್ಣಿನ ಮಟ್ಟ ಕೋಡಿಗಿಂತ 15 ಸೆಂ.ಮೀ. ಕೆಳಗೆ ಬರುತ್ತದೆ. ಇದು ರಸ್ತೆಗಿಂತ ತಗ್ಗಿದ್ದರೂ ಚಿಂತೆಯಿಲ್ಲ, ಕೋಡಿ ಮಾತ್ರ ತಗ್ಗಾಗಬಾರದು. ತಗ್ಗಾದರೆ, ಚರಂಡಿ ತುಂಬಿದಾಗ ಬೀದಿಯ ಕೊಳಚೆಯೆಲ್ಲ ನಿಮ್ಮ ಪಾತಿಗೆ ಹಿಂದಕ್ಕೆ ನುಗ್ಗುತ್ತದೆ. ಡಾಂಬರಿನ ಮೇಲೆ ಡಾಂಬರು, ಕಾಂಕ್ರೀಟಿನ ಮೇಲೆ ಕಾಂಕ್ರೀಟು ಹಾಕುತ್ತಾ ರಸ್ತೆ ವರ್ಷವರ್ಷವೂ ಏರುವ ಊರುಗಳು ನಮ್ಮವು. ಇವತ್ತಿನ ಮಟ್ಟಕ್ಕೆ ಇನ್ನೂ 15 ಸೆಂ.ಮೀ. ಸೇರಿಸಿ ಲೆಕ್ಕ ಹಾಕುವವನೇ ಜಾಣ.

ಅಗಲದ ಲೆಕ್ಕ ಹೀಗೆ. ಪೂರ್ತಿ ಟೆರೇಸಿನಿಂದ 100 ಮಿ.ಮೀ. ಬಿರುಸಿಗೆ ಸೆಕೆಂಡಿಗೆ 2.8 ಲೀಟರ್ ಬರುತ್ತದೆ. 30 ಸೆಂ.ಮೀ. ಅಗಲದ, ಮೇಲ್ಮೈ ಮಟ್ಟಸವಾದ ಕಲ್ಲಿನ ಕೋಡಿಯ ಮೇಲೆ 5 ಸೆಂ.ಮೀ. ನೀರು ಹರಿದರೆ 5 ಲೀಟರಿಗೂ ಹೆಚ್ಚು ಹೋಗುತ್ತದೆ, ಅಂಗಳದ ನೀರು ಸೇರಿದರೂ ಸಾಕು. ಕೋಡಿಯ ಬದಲು ಎರಡಿಂಚಿನ ಪೈಪು ಸಿಕ್ಕಿಸುವವರಿದ್ದಾರೆ. ಒಂದು ಹಲಸಿನೆಲೆ ಅಡ್ಡ ಕೂತರೆ ಪೈಪು ಮುಚ್ಚಿತು. ತೆರೆದ ಕಲ್ಲಿಗೆ ಆ ಭಯವಿಲ್ಲ. ಕೋಡಿಯಿಂದ ಬಿದ್ದ ನೀರು ಮಣ್ಣು ಕೊರೆಯದಂತೆ ಕೆಳಗೆ ಎರಡು ಚಪ್ಪಡಿ ಹಾಸಿ, ಅಲ್ಲಿಂದ ಮಳೆನೀರಿನ ಚರಂಡಿಗೆ ಸೇರಿಸಿ. ಯುಜಿಡಿಗೆ ಬೇಡ.

ಪೈಪಿನಿಂದ ಪಾತಿಗೆ

ಹಿಂಭಾಗದ ಪೈಪು ಒಂದನ್ನು ನೆಲದಡಿಯ ನೀರಿನ ಸಂಪಿಗೆ ಕೊಡಿ, ಮುಂಭಾಗದ ಎರಡನ್ನು ಪಾತಿಗೆ. ಸಂಪಿಗೆ ಹೋಗುವ ನೀರಿಗೆ ಮಾತ್ರ ಮೊದಲ ಮಳೆಯ ಕೊಳೆ ಬೇರೆಯಾಗಬೇಕು. ಆ ಪೈಪಿನ ಪಾಲಿಗೆ ಬರುವ 33 ಚದರ ಮೀಟರಿಗೆ ಒಂದು ಮಿ.ಮೀ. ಎಂದರೂ 33 ಲೀಟರ್ ಆಚೆ ಹೋಗಬೇಕು. ಗೋಡೆ ಬದಿಗೆ ಎರಡು ಮೀಟರ್ ನಾಲ್ಕಿಂಚಿನ ಪೈಪು ನಿಲ್ಲಿಸಿ ಕೆಳಗೆ ಕ್ಯಾಪು ಹಾಕುವುದು ರೂಢಿ. ಅದರಲ್ಲಿ ಹಿಡಿಯುವುದು ಬರೀ 16–17 ಲೀಟರ್. 50 ಲೀಟರಿನ ಡ್ರಮ್ಮು ಇಟ್ಟು, ತಳದಲ್ಲಿ ತೊಟ್ಟಿಕ್ಕುವಷ್ಟು ಸಣ್ಣ ನಲ್ಲಿ ಬಿಡಿ; ಮುಂದಿನ ಮಳೆಯ ಹೊತ್ತಿಗೆ ಅದು ತಾನೇ ಖಾಲಿಯಾಗಿರುತ್ತದೆ. ಸಂಪು ತುಂಬಿದ ಮೇಲಿನ ನೀರೂ ಪಾತಿಯ ಕಾಲುವೆಗೇ ಸೇರಬೇಕು. ಬೋರಿಗೆ ಅಂಗಳದ ನೀರನ್ನು ಬಿಡುವ ಸಾಹಸ ಮಾತ್ರ ಬೇಡ, ಅಂತರ್ಜಲ ಒಮ್ಮೆ ಕೆಟ್ಟರೆ ತೊಳೆಯಲಾಗದು.

ಮುಂದಿನ ಎರಡು ಪೈಪುಗಳನ್ನು ನೆಲದಿಂದ ಒಂದು ಗೇಣು ಮೇಲೆ ಕತ್ತರಿಸಿ, ಅಡಿಗೆ ಒಂದು ಒರಟು ಚಪ್ಪಡಿ ಇಡಿ. ಅಲ್ಲಿಂದ ಪಾತಿಯವರೆಗೆ ತೆರೆದ ಕಾಲುವೆ: 15 ಸೆಂ.ಮೀ. ಅಗಲ, ನಡುವೆ 5 ಸೆಂ.ಮೀ. ಆಳ, ಮೀಟರಿಗೆ ಒಂದು ಸೆಂ.ಮೀ. ವಾಟ. ಇಷ್ಟು ಸಣ್ಣದು ಸಾಕೇ ಎಂದು ಎಲ್ಲರೂ ಕೇಳುತ್ತಾರೆ. ಒಂದು ಪೈಪಿನಿಂದ ಬರುವುದು ಸೆಕೆಂಡಿಗೆ ಒಂದೂಕಾಲು ಲೀಟರಿಗಿಂತ ಕಡಿಮೆ. ಸಿಮೆಂಟಿನ ನಯವಾದ ಈ ಕಾಲುವೆ ನಾಲ್ಕು ಲೀಟರಿಗೂ ಹೆಚ್ಚು ಸಾಗಿಸುತ್ತದೆ. ಕಾಲುವೆ ಮೇಲೆ ಚಪ್ಪಡಿ ಮುಚ್ಚುವ ಚಪಲ ಬಿಡಿ. ಮಾಲ್ಮೋದಲ್ಲಿ ಕಾಲುವೆ ತೆರೆದೇ ಇಟ್ಟದ್ದಕ್ಕೆ ಇರುವ ದೊಡ್ಡ ಲಾಭ ಏನೆಂದರೆ ಕಟ್ಟಿಕೊಂಡದ್ದು ಕಣ್ಣಿಗೆ ಕಾಣುತ್ತದೆ. ಮುಚ್ಚಿದರೆ ಮೂರು ವರ್ಷ ಯಾರೂ ನೋಡುವುದಿಲ್ಲ, ನಾಲ್ಕನೇ ವರ್ಷ ಇಲಿ ಸಂಸಾರ ಹೂಡಿರುತ್ತದೆ.

ಪಾತಿಯ ಜಾಗ ಮುಂಭಾಗದ ಕಾಂಪೌಂಡಿನ ಉದ್ದಕ್ಕೆ: 6 ಮೀ. ಉದ್ದ, 1.5 ಮೀ. ಅಗಲ, ಅಂದರೆ ಸುಮಾರು 20×5 ಅಡಿ. ಕಾಂಪೌಂಡಿನಿಂದ ಎರಡಡಿ ಬಿಟ್ಟರೆ ಮನೆಯ ಪಾಯಕ್ಕೆ ಎಂಟಡಿ ಉಳಿಯುತ್ತದೆ. ಬ್ರಿಟನ್ನಿನ ಕಟ್ಟಡ ಮಾರ್ಗಸೂಚಿ ಇಂಗುಗುಂಡಿಗೂ ಕಟ್ಟಡಕ್ಕೂ ನಡುವೆ 5 ಮೀಟರ್ ಕೇಳುತ್ತದೆ. 40×60ರಲ್ಲಿ ಅದು ಕನಸು. ಕೆಂಪು ಮಣ್ಣಿನಲ್ಲಿ, ಇಷ್ಟು ಆಳವಿಲ್ಲದ ಪಾತಿಗೆ ಎಂಟಡಿ ನಡೆಯುತ್ತದೆ. ಮನೆ ಕಡೆಯ ಬದಿಗೆ ಮಾತ್ರ 250 ಮೈಕ್ರಾನಿನ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ತಳದವರೆಗೆ ಇಳಿಬಿಡಿ. 30×40 ಸೈಟಿನವರಿಗೆ ಈ ಅಂತರವೂ ಸಿಗದು. ಅವರು ಟ್ಯಾಂಕು ಹೆಚ್ಚಿಸಿ, ಇಂಗಿಸುವ ಕೆಲಸವನ್ನು ಬಡಾವಣೆಯ ಪಾರ್ಕಿಗೆ ಬಿಡುವುದು ಸರಿ.

80 ಸೆಂ.ಮೀ. ಆಳಕ್ಕೆ ತೋಡಿ. ಜೆಸಿಬಿ ತಂದರೆ ಅದರ ಬಕೆಟ್ಟು ಒದ್ದೆ ಮಣ್ಣನ್ನು ಗಾರೆ ಬಳಿದಂತೆ ನಯ ಮಾಡಿ ರಂಧ್ರ ಮುಚ್ಚುತ್ತದೆ. ಆಮೇಲೆ ಹಾರೆಯಲ್ಲಿ ತಳವನ್ನು ಒಂದು ಗೇಣು ಕೆದಕಲೇಬೇಕು. ತಳದಲ್ಲಿ 15 ಸೆಂ.ಮೀ. ದಪ್ಪಕ್ಕೆ 20 ಎಂಎಂ ಜಲ್ಲಿ (48 ಘನ ಅಡಿ), ಅದರ ಮೇಲೆ 5 ಸೆಂ.ಮೀ. ಬೇಬಿ ಜಲ್ಲಿ (16 ಘನ ಅಡಿ), ಮೇಲೆ 45 ಸೆಂ.ಮೀ. ಮಣ್ಣಿನ ಮಿಶ್ರಣ. ಜಲ್ಲಿಯನ್ನು ತೊಳೆದು ಹಾಕಿ. ಕ್ರಷರಿನ ಬೂದಿಪುಡಿ ತಳದಲ್ಲಿ ಕೆಸರಾಗಿ ಹೆಪ್ಪುಗಟ್ಟುತ್ತದೆ. ಜಲ್ಲಿಗೂ ಮಣ್ಣಿಗೂ ನಡುವೆ ಬಟ್ಟೆಯಂಥ ಜಿಯೋಟೆಕ್ಸ್‌ಟೈಲ್ ಹಾಸಲು ಕೆಲವರು ಹೇಳುತ್ತಾರೆ, ಅದೇ ಮೊದಲು ಕಟ್ಟಿಕೊಳ್ಳುವ ಜಾಗ. ಬೇಬಿ ಜಲ್ಲಿಯ ಪದರವೇ ಮಣ್ಣನ್ನು ತಡೆಯುತ್ತದೆ.

ಮಿಶ್ರಣಕ್ಕೆ ಅರ್ಧ ಭಾಗ ತೊಳೆದ ಎಂ-ಸ್ಯಾಂಡ್ (72 ಘನ ಅಡಿ), ಹತ್ತರಲ್ಲಿ ಮೂರು ಪಾಲು ಕೆಂಪು ಮಣ್ಣು (43), ಎರಡು ಪಾಲು ಚೆನ್ನಾಗಿ ಕಳಿತ ಗೊಬ್ಬರ (29). ಒಂದು ಹಿಡಿ ಒದ್ದೆ ಮಾಡಿ ಮುಷ್ಟಿಯಲ್ಲಿ ಅಮುಕಿ. ಉಂಡೆ ನಿಂತು, ಬೆರಳಲ್ಲಿ ತಿವಿದರೆ ಪುಡಿಯಾಗಬೇಕು. ಲಡ್ಡಿನಂತೆ ಗಟ್ಟಿ ನಿಂತರೆ ಮರಳು ಕಡಿಮೆಯಾಯಿತು. ಹಸಿ ಸಗಣಿ, ಕೊಳೆಯದ ಕಾಫಿ ಸಿಪ್ಪೆ ಹಾಕಿದರೆ ಕಾವು ಏರಿ ಬೇರು ಸುಡುತ್ತದೆ. ಮಣ್ಣು ಕುಸಿಯುವುದರಿಂದ ಶೇ 10ರಷ್ಟು ಹೆಚ್ಚಿಗೆ ತುಂಬಿ, ತುಳಿಯಬೇಡಿ, ಎರಡು ಸಲ ನೀರು ಹಾಕಿ ಕೂರಿಸಿ.

ಹೀಗೆ ಮಾಡಿದ ಪಾತಿಯಲ್ಲಿ ಮೇಲೆ ನಿಲ್ಲುವ ನೀರು 1,350 ಲೀಟರ್, ಮಣ್ಣಿನ ಸಂದಿಗಳಲ್ಲಿ 810, ಜಲ್ಲಿಯ ಸಂದಿಗಳಲ್ಲಿ 720, ಒಟ್ಟು 2,880. ಮುಂಭಾಗದ 67 ಚದರ ಮೀಟರ್ ಟೆರೇಸಿನಿಂದ 50 ಮಿ.ಮೀ. ಮಳೆಗೆ ಬರುವುದು 2,850 ಲೀಟರ್. ಅಳತೆ ಬದಲಿಸುವವರು ಟೆರೇಸಿನ ಪಾಲಿನ ಶೇ 13–14ರಷ್ಟು ಪಾತಿ ಎಂದು ಇಟ್ಟುಕೊಳ್ಳಬಹುದು.

ನೆಡುವಾಗ ತಳ, ಬದಿ, ಅಂಚು ಬೇರೆ ಬೇರೆ. ನೀರು ನಿಲ್ಲುವ ತಳಕ್ಕೆ ಲಾವಂಚ, ಕಾಬಾಳೆ, ಬಜೆ, ಕೆಸು. ಲಾವಂಚ ಎಲ್ಲಕ್ಕಿಂತ ಮೇಲು: ಮಳೆಗಾಲದಲ್ಲಿ ಕಾಲು ನೆನೆದರೂ ಸರಿ, ಮಾರ್ಚಿನಲ್ಲಿ ಬಾಯಾರಿದರೂ ಸರಿ, ಅದರ ಬೇರು ಆಳಕ್ಕಿಳಿದು ಮಣ್ಣಿಗೆ ದಾರಿ ಬಿಡಿಸುತ್ತದೆ. ಚದರ ಮೀಟರಿಗೆ ನಾಲ್ಕು ಸಾಕು. ಬದಿಗೆ ಒಂದೆಲಗ ಹಬ್ಬಿಸಿ. ಒಣ ಅಂಚಿಗೆ ಮಜ್ಜಿಗೆ ಹುಲ್ಲು, ದೊಡ್ಡಪತ್ರೆ. ದೊಡ್ಡಪತ್ರೆಯನ್ನು ತಳದಲ್ಲಿ ನೆಟ್ಟರೆ ವಾರದಲ್ಲಿ ಕೊಳೆಯುತ್ತದೆ. ಟೆರೇಸಿನ ಹಕ್ಕಿ ಹಿಕ್ಕೆ, ರಸ್ತೆಯ ಧೂಳು ಸೇರುವ ಪಾತಿ ಇದು, ಇಲ್ಲಿಯ ಕೆಸು ಪತ್ರೊಡೆಗೆ ಬೇಡ.

ಅಂಗಳದ ಕಾಂಕ್ರೀಟು

ಬರ್ಲಿನ್ ನಗರ 1990ರ ದಶಕದಿಂದ ಒಂದು ಸರಳ ಅಂಕ ಬಳಸುತ್ತಿದೆ. ಸೈಟಿನ ಪ್ರತಿ ಚದರ ಮೀಟರಿಗೆ ಮೇಲ್ಮೈ ನೋಡಿ ಅಂಕ, ಮೊದಲಿಗೆ ಇಟ್ಟದ್ದು ಹೀಗೆ: ಕಾಂಕ್ರೀಟು, ಡಾಂಬರಿಗೆ 0, ಸಂದಿ ಬಿಟ್ಟು ಮರಳಿನ ಮೇಲೆ ಹಾಸಿದ ಕಲ್ಲಿಗೆ 0.3, ಹುಲ್ಲು ಬೆಳೆಯುವ ತೂತಿನ ಇಟ್ಟಿಗೆಗೆ 0.5, ಗಿಡವಿರುವ ತೆರೆದ ನೆಲಕ್ಕೆ 1. ಗಿಡಗಳಿರುವ ನೆಲದಲ್ಲಿ ಚಾವಣಿಯ ನೀರು ಇಂಗಿಸಿದರೆ ಚಾವಣಿಯ ಪ್ರತಿ ಚದರ ಮೀಟರಿಗೆ 0.2. ಎಲ್ಲ ಕೂಡಿ ಸೈಟಿನ ವಿಸ್ತೀರ್ಣದಿಂದ ಭಾಗಿಸಬೇಕು. ಹೊಸ ವಸತಿ ಕಟ್ಟಡಕ್ಕೆ ಅಲ್ಲಿ ಇಟ್ಟ ಗುರಿ 0.6.

ನಮ್ಮ 40×60 ಅಂದರೆ 223 ಚದರ ಮೀಟರ್. ಮನೆ ಬಿಟ್ಟು ಎಲ್ಲ ಕಾಂಕ್ರೀಟು ಹಾಕಿದರೆ ಅಂಕ ಸೊನ್ನೆ. ಪಾತಿ 9, ಹೂಗಿಡ–ಕರಿಬೇವಿಗೆ 40, ಸಂದಿ ಬಿಟ್ಟ ಸೈಜುಗಲ್ಲು 50, ಕಾಂಕ್ರೀಟು 24 ಎಂದು ಹಂಚಿದರೆ 0.35ರ ಹತ್ತಿರ ಬರುತ್ತದೆ. ಬರ್ಲಿನ್ ಪರೀಕ್ಷೆಯಲ್ಲಿ ಇದು ಫೇಲೇ. ಆದರೂ ಎರಡು ಮನೆಗಳ ನಕ್ಷೆ ಹೋಲಿಸುವಾಗ ಈ ಅಂಕ ಉಪಯೋಗಕ್ಕೆ ಬರುತ್ತದೆ.

ಕಾರಿಗೆ ಪೂರ್ತಿ ಅಂಗಳ ಬೇಡ. ಎರಡಡಿ ಅಗಲದ ಎರಡು ಚಕ್ರದ ಪಟ್ಟಿ ಸಾಕು, ನಡುವೆ ಹುಲ್ಲು ಬಿಡಿ. ಸೈಜುಗಲ್ಲಿನ ಅಡಿಗೆ 15 ಸೆಂ.ಮೀ. 20 ಎಂಎಂ ಜಲ್ಲಿ, ಮೇಲೆ 4–5 ಸೆಂ.ಮೀ. ಬೇಬಿ ಜಲ್ಲಿ, ಕಲ್ಲುಗಳ ನಡುವೆ ಎರಡು ಸೆಂ.ಮೀ. ಸಂದಿ, ಸಂದಿಗೂ ಬೇಬಿ ಜಲ್ಲಿಯೇ. ನೀವು ಆಚೆ ತಿರುಗಿದ ಕೂಡಲೇ ಕೆಲಸದವರು "ಗಟ್ಟಿಯಾಗಲಿ" ಎಂದು ಸಂದಿಗೆ ಸಿಮೆಂಟು ಸುರಿಯುತ್ತಾರೆ. ಅಷ್ಟಾದರೆ ಹಾಕಿದ ದುಡ್ಡೆಲ್ಲ ನೀರಿಗೆ ಹೋದಂತೆ.

ಯೂರೋಪಿನ ಚಿತ್ರಗಳಲ್ಲಿ ಕಣ್ಣು ಸೆಳೆಯುವ ಹಸಿರು ಚಾವಣಿಯನ್ನು ಇಲ್ಲಿ ನಕಲು ಮಾಡುವ ಮುಂಚೆ ತೂಕ ನೋಡಿ. ಹತ್ತು ಸೆಂ.ಮೀ. ಮಣ್ಣು ನೆನೆದರೆ ಚದರ ಮೀಟರಿಗೆ 150 ಕಿಲೋ ದಾಟಬಹುದು. ಓಡಾಡುವ ಟೆರೇಸಿಗೆ ವಿನ್ಯಾಸದಲ್ಲಿ ಹಿಡಿಯುವ ಚಲಭಾರವೇ (ಜನ, ಸಾಮಾನಿನ ತೂಕ) ಅಷ್ಟು. ಅಲ್ಲಿ ಬಳಸುವ ಸೀಡಂ ಗಿಡದ ತೆಳು ಹಾಸು ತಂಪು ನಾಡಿನದು. ಇದ್ದ ಮನೆಯ ಮೇಲೆ ಬೇಡ, ಅಷ್ಟೇ.

ಬಡಾವಣೆಯ ಪಾರ್ಕು

ನಮ್ಮ ಪಾರ್ಕುಗಳ ತಪ್ಪು ನೋಡಿದ ತಕ್ಷಣ ಗೊತ್ತಾಗುತ್ತದೆ: ಸುತ್ತ ಕಟ್ಟೆ ಕಟ್ಟಿ, ಒಳಗೆ ಮಣ್ಣು ಏರಿಸಿ, ರಸ್ತೆಗಿಂತ ಒಂದಡಿ ಎತ್ತರ ಮಾಡಿರುತ್ತಾರೆ. ಮಳೆ ಬಂದರೆ ಪಾರ್ಕಿನ ಕೆಸರು ರಸ್ತೆಗೆ. 2011ರ ಜುಲೈ 2ರಂದು ಎರಡೇ ಗಂಟೆಯಲ್ಲಿ 135 ಮಿ.ಮೀ.ಗೂ ಹೆಚ್ಚು ಮಳೆ ಹುಯ್ದು ಕೋಪನ್‌ಹೇಗನ್ ಮುಳುಗಿದ ಮೇಲೆ ಆ ನಗರ 2012ರಲ್ಲಿ ಮಾಡಿಕೊಂಡ ಯೋಜನೆ ಇದಕ್ಕೆ ತದ್ವಿರುದ್ಧ: ಪಾರ್ಕು, ಚೌಕಗಳನ್ನು ತಗ್ಗು ಮಾಡಿ ರಸ್ತೆಯ ನೀರನ್ನು ಅಲ್ಲಿಗೆ ಇಳಿಸುವುದು. ರಾಟರ್‌ಡ್ಯಾಮಿನಲ್ಲಿ 2013ರಲ್ಲಿ ಮುಗಿದ ಬೆಂಥೆಂಪ್ಲೈನ್ ಚೌಕ ಒಣದಿನ ಮಕ್ಕಳ ಆಟದ ಬಯಲು, ಮಳೆಯಲ್ಲಿ ಸುಮಾರು 17 ಲಕ್ಷ ಲೀಟರ್ ಹಿಡಿಯುವ ಕಟ್ಟೆ. ಹೊಯ್ಸಳರ ಕಾಲದ ಹುಳಿಕೆರೆಯ ಕಲ್ಯಾಣಿ ನೋಡಿದವರಿಗೆ ಆ ಮೆಟ್ಟಿಲುಗಳ ಆಕಾರ ಪರಿಚಿತವೆನಿಸುತ್ತದೆ.

ನಿವಾಸಿಗಳ ಸಂಘದವರು ನಗರಸಭೆಗೆ ಅರ್ಜಿ ಕೊಡುವಾಗ "ಮಳೆನೀರು ಕೊಯ್ಲು ಮಾಡಿಕೊಡಿ" ಎಂದು ಬರೆದರೆ ಮೂಲೆಯಲ್ಲಿ ಒಂದು ಗುಂಡಿ ತೋಡಿ ಬೋರ್ಡು ಹಾಕಿ ಹೋಗುತ್ತಾರೆ. ಮಟ್ಟ ಬರೆದು ಕೊಡಿ. 20×30 ಮೀಟರಿನ ಪಾರ್ಕು ರಸ್ತೆಗಿಂತ 20 ಸೆಂ.ಮೀ. ತಗ್ಗಿದ್ದರೆ 1,20,000 ಲೀಟರ್ ಹಿಡಿಯುತ್ತದೆ. 30 ಅಡಿ ಅಗಲದ ರಸ್ತೆಯ 250 ಮೀಟರ್ ಉದ್ದದ ಮೇಲೆ 50 ಮಿ.ಮೀ. ಮಳೆ ಬಿದ್ದರೆ ಬರುವ ನೀರೆಲ್ಲ ಇದರಲ್ಲಿ ಕೂರುತ್ತದೆ. ಇಳಿಜಾರಿನ ಮೇಲ್ಬದಿಯ ಕಟ್ಟೆಗೆ ಐದಾರು ಮೀಟರಿಗೊಂದರಂತೆ 40 ಸೆಂ.ಮೀ. ಅಗಲದ ಕಿಂಡಿ, ಪ್ರತಿ ಕಿಂಡಿಯ ಒಳಗೆ ಹೂಳು ನಿಲ್ಲಲು ಒಂದು ಮೀಟರ್ ಚಪ್ಪಡಿ ಹಾಸು, ಕೆಳಬದಿಯಲ್ಲಿ ಕೋಡಿ. ಆ ಬೀದಿಯಲ್ಲಿ ಬಚ್ಚಲ ನೀರು ರಸ್ತೆ ಚರಂಡಿಗೆ ಬರುತ್ತಿದ್ದರೆ ಮೊದಲು ಅದನ್ನು ಯುಜಿಡಿಗೆ ಸೇರಿಸಬೇಕು. ಇಲ್ಲದಿದ್ದರೆ ಪಾರ್ಕು ನಾರುತ್ತದೆ, ಜನರೇ ಮತ್ತೆ ಮಣ್ಣು ತುಂಬಿಸುತ್ತಾರೆ.

ಘಟ್ಟದ ಕಡೆಯವರಿಗೆ

ಸಕಲೇಶಪುರ, ಮೂಡಿಗೆರೆ, ಕೊಪ್ಪದ ಗುಡ್ಡದ ಓರೆಯಲ್ಲಿ ಮನೆಯಿದ್ದರೆ ಮೇಲಿನದರಲ್ಲಿ ಅರ್ಧ ಮರೆತುಬಿಡಿ. ಕಾಫಿ ತೋಟದ ಸಾಲಿನ ನಡುವಿನ ತೊಟ್ಟಿಲುಗುಂಡಿಗೆ ಮರದ ಬೇರುಗಳ ಹಿಡಿತವಿದೆ. ಜೆಸಿಬಿಯಲ್ಲಿ ನೆಟ್ಟಗೆ ಕಡಿದ ದರೆಯ ತಲೆಯ ಮೇಲೆ ನೀರು ಇಂಗಿಸಿದರೆ ಮಣ್ಣು ಭಾರವಾಗಿ, ಒಳಗೆ ಜಾರಿ, ದರೆಯೇ ಮನೆ ಮೇಲೆ ಬರುತ್ತದೆ. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳು ಕುಸಿದದ್ದು ಯಾರೂ ಮರೆತಿಲ್ಲ. ಅಲ್ಲಿ ಮಾಡಬೇಕಾದ್ದು ದರೆಯ ತಲೆಯಿಂದ ಹಿಂದಕ್ಕೆ ಕಲ್ಲುಕಟ್ಟಿನ ಕಾಲುವೆ, ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ ಹಳ್ಳಕ್ಕೆ ಸೇರಿಸುವುದು. ನೀರನ್ನು ನಿಧಾನ ಮಾಡಿ, ನಿಲ್ಲಿಸಬೇಡಿ.

ಕೆಡುವುದು ಎಲ್ಲಿ

ಪಾತಿ ಸಾಯುವುದು ಬಹುಪಾಲು ಹುಟ್ಟುವ ಮುಂಚೆಯೇ. ಮನೆ ಕೆಲಸ ನಡೆಯುತ್ತಿರುವಾಗ ತೋಡಿದರೆ ಗ್ರಾನೈಟು ಕುಯ್ದ ಹಾಲಿನಂಥ ನೀರು, ಗಾರೆ ತೊಳೆದ ನೀರು ಎಲ್ಲ ಅಲ್ಲಿಗೇ ಇಳಿದು ತಳ ಸಿಮೆಂಟಾಗುತ್ತದೆ. ಬಣ್ಣವೂ ಮುಗಿದು, ಅಂಗಳ ತೊಳೆದ ಮೇಲೆಯೇ ತೋಡಿ. ಜಾಗಕ್ಕೆ ಮಾತ್ರ ಮೊದಲೇ ಹಗ್ಗ ಕಟ್ಟಿ, ಲಾರಿ ಹತ್ತದಂತೆ ನೋಡಿಕೊಳ್ಳಿ.

ಸೊಳ್ಳೆಯ ಭಯ ಎಲ್ಲರಿಗೂ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಒಂದು ವಾರದ ಆಸುಪಾಸು ನಿಂತ ನೀರು ಬೇಕು. ಪಾತಿಯ ಮೇಲಿನ ನೀರು ಎರಡು ದಿನದಲ್ಲಿ ಖಾಲಿಯಾದರೆ ಸೊಳ್ಳೆಗೆ ಅಲ್ಲಿ ಜಾಗವಿಲ್ಲ, ಅದಕ್ಕಿಂತ ಟೆರೇಸಿನ ಹಳೇ ಟೈರು ಅಪಾಯ. ಮೂರನೇ ದಿನವೂ ನೀರಿದ್ದರೆ ಮೇಲೆ ಹೂಳಿನ ತೆಳು ಹಪ್ಪಳ ಕಟ್ಟಿದೆ ಎಂದರ್ಥ. ನೀರು ಇಳಿದ ಮೇಲೆ ಮೇಲಿನ 3–5 ಸೆಂ.ಮೀ. ಕೆರೆದು ತೆಗೆದು ಅಷ್ಟೇ ಮಿಶ್ರಣ ಹಾಕಿ. ಹಾಗೂ ಇಳಿಯದಿದ್ದರೆ ತಳ ಕಟ್ಟಿದೆ; ಒಂದು ಮೂಲೆಯಲ್ಲಿ ಜಲ್ಲಿಯವರೆಗೆ ತೋಡಿ ನೋಡದೆ ಪೂರ್ತಿ ಕೀಳಬೇಡಿ.

ವರ್ಷಕ್ಕೆ ಮೂರು ಸಲ ಕೈಯಿಟ್ಟರೆ ಸಾಕು. ಭರಣಿ ಮಳೆಗೆ ಮುಂಚೆ ಟೆರೇಸು ಗುಡಿಸಿ, ಜಾಲರಿ, ಕಾಲುವೆಯ ಸಿಲ್ವರ್ ಓಕ್ ಎಲೆ ತೆಗೆಯುವುದು. ಮಹಾಲಯದ ಹೊತ್ತಿಗೆ ಹಿಂಗಾರಿಗೆ ಇನ್ನೊಮ್ಮೆ. ನಡುವೆ ಆರಿದ್ರದಲ್ಲಿ ಒಂದು ಜೋರು ಮಳೆ ಹಿಡಿದಾಗ ಕೊಡೆ ಹಿಡಿದು ಅಂಗಳಕ್ಕೆ ಇಳಿಯಿರಿ. ಒಣದಿನ ಎಷ್ಟು ನೋಡಿದರೂ ಕಾಣದ್ದು ಆಗ ಹತ್ತು ನಿಮಿಷದಲ್ಲಿ ಕಾಣುತ್ತದೆ: ನೀರು ಕಾಲುವೆ ಹಾರಿ ಎಲ್ಲಿ ಅಡ್ಡದಾರಿ ಹಿಡಿಯಿತು, ಪಾತಿ ಮೂಲೆ ಮೂಲೆಗೂ ತುಂಬಿತೋ ಒಂದೇ ಬದಿಗೋ. ಕೋಡಿಯ ಮೇಲೆ ಹರಿಯುವ ನೀರಿನ ಬಣ್ಣ ನೋಡಿ. ತಿಳಿಯಾಗಿದ್ದರೆ ಒಳಗೆ ಬನ್ನಿ. ಕೆಂಪಗಿದ್ದರೆ ಕಾಲುವೆ ಪಾತಿಗೆ ಬೀಳುವ ಬಾಯಲ್ಲಿ ಮಣ್ಣು ಕೊರೆಯುತ್ತಿದೆ. ನಾಳೆ ಅಲ್ಲಿ ನಾಲ್ಕು ದಪ್ಪ ಕಲ್ಲು ಕೂರಿಸಿ.